ಬಫರ್ ಎಷ್ಟ್ ಇಡಬೇಕ್ರಿ? ಸಾಕೆಟ್ಟಿಗೆ ಬರುವ ಪ್ಯಾಕೆಟ್ಟಿನ ಲೆಕ್ಕ

ವಿದ್ಯಾನಗರದ ಕಾಲೇಜು ಲ್ಯಾಬಿನಲ್ಲಾಗಲಿ, ಗೋಕುಲ ರೋಡಿನ ಸಣ್ಣ ಕಂಪನಿಯಲ್ಲಾಗಲಿ, ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕಿನ ಜೊತೆ ಡೇಟಾ ಕೊಟ್ಟು ತೆಗೆದುಕೊಳ್ಳುವ ತುದಿ) ಕೋಡ್ ಇರುವ ಫೈಲ್ ತೆಗೆದರೆ, ಬಂದ ಡೇಟಾ ಹಿಡಿಯುವ ಬಫರಿನ ಅಳತೆ ಅಂತ ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಸಂಖ್ಯೆ 1024 ಬೈಟ್. ಯಾಕಪ್ಪಾ 1024 ಅಂತ ಕೇಳಿದರೆ, "ಎಲ್ಲಾರೂ ಅಷ್ಟ ಇಡ್ತಾರಲ್ರಿ ಸರ್" ಅಂತ ಉತ್ತರ. ಸ್ವಲ್ಪ ಹೆದರಿದವರು 4096 ಇಡುತ್ತಾರೆ, ಒಮ್ಮೆ ಪೆಟ್ಟು ತಿಂದವರು 65536.

ಈ ಸಂಖ್ಯೆಗಳಲ್ಲಿ ದೋಷ ಇಲ್ಲ. ಅವು ಯಾವ ಪ್ರಶ್ನೆಗೆ ಉತ್ತರ ಅನ್ನುವುದೇ ಬರೆದವರಿಗೆ ಗೊತ್ತಿರುವುದಿಲ್ಲ, ತೊಂದರೆ ಅಲ್ಲಿದೆ. ಹೊರಗಿನಿಂದ ಬಂದ ಡೇಟಾ ನಿಮ್ಮ ಕೈಗೆ ಸಿಗುವ ಮುಂಚೆ ಎರಡು ಕಡೆ ನಿಲ್ಲುತ್ತದೆ. ಮೊದಲು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗಿನ ಸಾಕೆಟ್ ಕ್ಯೂ. ಆಮೇಲೆ ರಿಸೀವ್ ಫಂಕ್ಷನ್ನಿಗೆ ನೀವು ಕೊಟ್ಟ ಅರೇ. ಅರೇ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಹೇಳುವುದು ನಿಮ್ಮ ಸಂದೇಶದ ಅಳತೆ. ಕ್ಯೂ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಹೇಳುವುದು, ನಿಮ್ಮ ಪ್ರೋಗ್ರಾಂ ಓದದೆ ಎಷ್ಟು ಹೊತ್ತು ಬೇರೆ ಕೆಲಸದಲ್ಲಿ ಇರುತ್ತದೆ ಅನ್ನುವುದು. ಒಂದು ಬೈಟಿನ ಲೆಕ್ಕ, ಇನ್ನೊಂದು ಮಿಲಿಸೆಕೆಂಡಿನ ಲೆಕ್ಕ. ಪ್ಯಾಕೆಟ್ ಕಳೆದುಹೋಗುತ್ತಿದೆ ಅಂತ ಅರೇ ದೊಡ್ಡದು ಮಾಡುವವರು, ಸಂದೇಶ ಅರ್ಧಕ್ಕೆ ತುಂಡಾಗುತ್ತಿದೆ ಅಂತ ಕರ್ನಲ್ ಸೆಟ್ಟಿಂಗ್ ಬದಲಿಸುವವರು, ಇಬ್ಬರೂ ಈ ಎರಡನ್ನು ಕಲಸಿಕೊಂಡವರೇ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಕಲ್ಪಿತ ವ್ಯವಸ್ಥೆ ಇಟ್ಟುಕೊಳ್ಳೋಣ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿಯಂಥ 100 ಬಸ್ಸು. ಪ್ರತಿಯೊಂದರಲ್ಲಿ ಒಂದು ಜಿಪಿಎಸ್ ಸಾಧನ. ಸೆಕೆಂಡಿಗೊಮ್ಮೆ ಅದು ತನ್ನ ಜಾಗವನ್ನು ಯುಡಿಪಿ (ತಲುಪಿತೋ ಇಲ್ಲವೋ ನೋಡದೆ ಬಿಡಿ ಬಿಡಿ ಪ್ಯಾಕೆಟ್ ಕಳಿಸುವ ಪದ್ಧತಿ) ಮೂಲಕ ಒಂದು ಸರ್ವರಿಗೆ ಕಳಿಸುತ್ತದೆ. ಪ್ಯಾಕೆಟ್ ಹೀಗಿದೆ: ಆವೃತ್ತಿ 1 ಬೈಟ್, ಬಸ್ ಸಂಖ್ಯೆ 4, ಸಮಯ 8, ಅಕ್ಷಾಂಶ 4, ರೇಖಾಂಶ 4, ವೇಗ 2. ಒಟ್ಟು 23. ಅದರ ಹಿಂದೆ ಮುಂದಿನ ನಿಲ್ದಾಣದ ಹೆಸರು: ಉದ್ದ ಹೇಳಲು 1 ಬೈಟ್, ನಂತರ ಹೆಸರು. ಅಕ್ಷಾಂಶ-ರೇಖಾಂಶಕ್ಕೆ 8 ಬೈಟಿನ ಡಬಲ್ ಬೇಕಿಲ್ಲ. ಡಿಗ್ರಿಯನ್ನು 1 ಕೋಟಿಯಿಂದ ಗುಣಿಸಿ 32 ಬಿಟ್ ಪೂರ್ಣಾಂಕದಲ್ಲಿ ಇಟ್ಟರೆ 180 ಡಿಗ್ರಿಯೂ ಹಿಡಿಯುತ್ತದೆ, ಒಂದು ಅಂಕಿಯ ವ್ಯತ್ಯಾಸ ನೆಲದ ಮೇಲೆ ಸುಮಾರು 1 ಸೆಂಟಿಮೀಟರ್. ಬಸ್ಸಿಗೆ ಅಷ್ಟು ಸಾಕಲ್ಲ?

ಯುಡಿಪಿ: ಒಂದು ಕರೆ, ಒಂದು ಪ್ಯಾಕೆಟ್

ಯುಡಿಪಿಯಲ್ಲಿ ಒಂದು ರಿಸೀವ್ ಕರೆಗೆ ಒಂದೇ ಡೇಟಾಗ್ರಾಂ (ಯುಡಿಪಿಯ ಒಂದು ಪ್ಯಾಕೆಟ್) ಬರುತ್ತದೆ. ಅರ್ಧ ಈಗ, ಅರ್ಧ ಆಮೇಲೆ ಅನ್ನುವುದಿಲ್ಲ. ಎರಡು ಸೇರಿ ಒಂದಾಗುವುದೂ ಇಲ್ಲ. ಇದರ ಬೆಲೆ ಏನಂದರೆ, ನಿಮ್ಮ ಅರೇಗೆ ಹಿಡಿಸದೆ ಉಳಿದ ಬೈಟ್‌ಗಳನ್ನು ಕರ್ನಲ್ ಎಸೆದುಬಿಡುತ್ತದೆ. ಮತ್ತೊಮ್ಮೆ ರಿಸೀವ್ ಕರೆದರೆ ಸಿಗುವುದು ಮುಂದಿನ ಪ್ಯಾಕೆಟ್, ಹಿಂದಿನದರ ಬಾಲ ಅಲ್ಲ.

ಲಿನಕ್ಸ್ ಇದನ್ನು ಸದ್ದಿಲ್ಲದೆ ಮಾಡುತ್ತದೆ. 1500 ಬೈಟಿನ ಡೇಟಾಗ್ರಾಂ ಬಂದಿದೆ, ನೀವು 1024 ಕೊಟ್ಟಿದ್ದೀರಿ, ರಿಸೀವ್ 1024 ಅಂತ ಹಿಂದಿರುಗಿಸುತ್ತದೆ. ಎರರ್ ಇಲ್ಲ. ವಿಂಡೋಸ್ ಇಲ್ಲಿ ಸ್ವಲ್ಪ ಪ್ರಾಮಾಣಿಕ: ಮೊದಲ ಭಾಗ ಅರೇಗೆ ತುಂಬಿ, ಕರೆ ವಿಫಲವಾಯಿತು ಅಂತ 10040 ಎರರ್ ಕೊಡುತ್ತದೆ. ವಿಂಡೋಸಿನಲ್ಲಿ ಬರೆದ ಕೋಡನ್ನು ಲಿನಕ್ಸಿಗೆ ತಂದಾಗ "ಅಲ್ಲೆ ಎರರ್ ಬರ್ತಿತ್ತು, ಇಲ್ಲೆ ಡೇಟಾನ ತಪ್ಪು ಬರ್ತದ" ಅನ್ನುವ ಗೊಂದಲದ ಮೂಲ ಇದು.

ಹಾಗಾದರೆ ತುಂಡಾಗಿದ್ದು ಗೊತ್ತಾಗುವುದು ಹೇಗೆ? ಲಿನಕ್ಸಿನಲ್ಲಿ ರಿಸೀವ್‌ಗೆ ಎಂಎಸ್‌ಜಿ ಟ್ರಂಕ್ ಫ್ಲ್ಯಾಗ್ ಕೊಟ್ಟರೆ ಹಿಂದಿರುಗುವ ಸಂಖ್ಯೆ ಡೇಟಾಗ್ರಾಮಿನ ನಿಜವಾದ ಉದ್ದ. ಅದು ಅರೇಗಿಂತ ದೊಡ್ಡದಿದ್ದರೆ ತುಂಡಾಗಿದೆ ಅಂತ ಅರ್ಥ. ಆದರೆ ಎಚ್ಚರ: ಆ ಸಂಖ್ಯೆಯನ್ನೇ ನಂಬಿ ಅರೇಯನ್ನು ಓದಹೊರಟರೆ ಅರೇಯ ಗಡಿ ದಾಟುತ್ತೀರಿ. ರಿಸೀವ್‌ಎಂಎಸ್‌ಜಿ ಬಳಸುವವರಿಗೆ ಹಿಂದಿರುಗುವ ಫ್ಲ್ಯಾಗ್‌ಗಳಲ್ಲಿ ಅದೇ ಬಿಟ್ ಏರಿರುತ್ತದೆ.

ಯಾವ ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ನಡೆಯುವ ಸರಳ ಉಪಾಯ ಇನ್ನೊಂದಿದೆ, ನನಗೆ ಇದೇ ಇಷ್ಟ. ನಿಮ್ಮ ಪ್ರೋಟೋಕಾಲಿನ ಅತಿ ದೊಡ್ಡ ಸಂದೇಶಕ್ಕಿಂತ ಒಂದೇ ಒಂದು ಬೈಟ್ ಹೆಚ್ಚು ಇಡಿ. ಗರಿಷ್ಠ 184 ಆದರೆ ಅರೇ 185. ರಿಸೀವ್ 185 ಹಿಂದಿರುಗಿಸಿತೋ, ಬಂದದ್ದು ನಿಮ್ಮ ಪ್ರೋಟೋಕಾಲಿನ ಪ್ಯಾಕೆಟ್ ಅಲ್ಲ. ಕೌಂಟರ್ ಒಂದನ್ನು ಏರಿಸಿ, ಪ್ಯಾಕೆಟ್ ಎಸೆಯಿರಿ. ಗರಿಷ್ಠಕ್ಕೆ ಸರಿಸಮ ಇಟ್ಟರೆ "ಸರಿಯಾಗಿ 184 ಬಂತು" ಮತ್ತು "400 ಬಂದು 184ಕ್ಕೆ ತುಂಡಾಯಿತು" ಎರಡೂ ಒಂದೇ ಥರ ಕಾಣುತ್ತವೆ.

ಮೊದಲು ಎಂಎಸ್‌ಜಿ ಟ್ರಂಕ್ ಜೊತೆಗೆ ಎಂಎಸ್‌ಜಿ ಪೀಕ್ (ಪ್ಯಾಕೆಟ್ಟನ್ನು ಕ್ಯೂನಲ್ಲೇ ಬಿಟ್ಟು ಇಣುಕುವ ಫ್ಲ್ಯಾಗ್) ಹಾಕಿ ಉದ್ದ ನೋಡಿ, ಅಷ್ಟು ಮೆಮೊರಿ ತೆಗೆದುಕೊಂಡು, ಮತ್ತೆ ರಿಸೀವ್ ಮಾಡುವ ಪದ್ಧತಿಯೂ ಉಂಟು. ಕೆಲಸ ಆಗುತ್ತದೆ, ಆದರೆ ಪ್ರತಿ ಪ್ಯಾಕೆಟ್ಟಿಗೆ ಎರಡು ಸಿಸ್ಟಮ್ ಕಾಲ್ (ಕರ್ನಲ್‌ಗೆ ಹೋಗುವ ಕರೆ), ಮೇಲೊಂದು ಮ್ಯಾಲಾಕ್ (ಮೆಮೊರಿ ಕೇಳುವ ಕರೆ). ಯಾರದೋ ಪ್ರೋಟೋಕಾಲ್, ಗರಿಷ್ಠ ಎಷ್ಟು ಅಂತ ಎಲ್ಲೂ ಬರೆದಿಲ್ಲ ಅಂದಾಗ ಇದಕ್ಕಿಂತ ಅಗ್ಗದ ದಾರಿ: 65,536 ಬೈಟಿನ ಒಂದೇ ಅರೇ, ಪ್ರೋಗ್ರಾಂ ಶುರುವಾಗುವಾಗ ಒಮ್ಮೆ ತೆಗೆದುಕೊಳ್ಳಿ, ಪ್ರತಿ ಕರೆಗೂ ಅದನ್ನೇ ಕೊಡಿ. ಐಪಿವಿ4ನಲ್ಲಿ ಪ್ಯಾಕೆಟ್ಟಿನ ಒಟ್ಟು ಉದ್ದದ ಜಾಗ 16 ಬಿಟ್, ಅಂದರೆ 65,535. ಅದರಲ್ಲಿ ಐಪಿ ಹೆಡರ್ 20, ಯುಡಿಪಿ ಹೆಡರ್ 8 ಕಳೆದರೆ ಡೇಟಾಗೆ 65,507. ಐಪಿವಿ6ನಲ್ಲಿ ಆ ಉದ್ದದಲ್ಲಿ ಮೂಲ ಹೆಡರ್ ಸೇರುವುದಿಲ್ಲ, ಹಾಗಾಗಿ 65,527. ಜಂಬೋಗ್ರಾಂ ಅನ್ನುವ ವಿಶೇಷ ಸೌಲಭ್ಯ ಬಿಟ್ಟರೆ 65,536ರ ಅರೇಗೆ ಎಲ್ಲವೂ ಹಿಡಿಸುತ್ತದೆ. ಸರ್ವರಿನಲ್ಲಿ 64 ಕೆಬಿ ಅಂದರೆ ಏನೂ ಅಲ್ಲ. ಅದನ್ನೇ ಪ್ರತಿ ಸಾಧನಕ್ಕೆ ಒಂದರಂತೆ ಇಟ್ಟಾಗ ಮಾತ್ರ ಭಾರ.

ಇನ್ನೊಂದು ಸಣ್ಣ ವಿಷಯ: ಯುಡಿಪಿಯಲ್ಲಿ ಖಾಲಿ ಡೇಟಾಗ್ರಾಂ ಕಳಿಸುವುದು ನ್ಯಾಯವೇ. ರಿಸೀವ್ 0 ಹಿಂದಿರುಗಿಸಿದರೆ "ಆ ಕಡೆಯವರು ಮುಚ್ಚಿದರು" ಅಂತ ಲೂಪ್ ಮುರಿಯಬೇಡಿ. ಆ ಅರ್ಥ ಟಿಸಿಪಿಗೆ (ಕಳೆದದ್ದನ್ನು ಮತ್ತೆ ಕಳಿಸಿ, ಕ್ರಮವಾಗಿ ತಲುಪಿಸುವ ಪದ್ಧತಿ) ಮಾತ್ರ. ಟಿಸಿಪಿ ಉದಾಹರಣೆಯಿಂದ ನಕಲು ಹೊಡೆದ ಯುಡಿಪಿ ಸರ್ವರನ್ನು ಯಾರು ಬೇಕಾದರೂ ಒಂದು ಖಾಲಿ ಪ್ಯಾಕೆಟ್ ಕಳಿಸಿ ಮಲಗಿಸಬಹುದು.

65,507 ಬೈಟ್ ಸ್ವೀಕರಿಸಬಹುದು ಅಂದ ಮಾತ್ರಕ್ಕೆ ಅಷ್ಟು ಕಳಿಸಬಹುದು ಅಂತಲ್ಲ. ಈಥರ್ನೆಟ್ಟಿನ ಎಂಟಿಯು (ಒಂದೇ ತುಂಡಿನಲ್ಲಿ ಸಾಗುವ ಐಪಿ ಪ್ಯಾಕೆಟ್ಟಿನ ಗರಿಷ್ಠ ಅಳತೆ) 1500. ಅದರಲ್ಲಿ 28 ಕಳೆದರೆ 1472 ಬೈಟ್ ತನಕ ಯುಡಿಪಿ ಡೇಟಾ ಒಂದೇ ತುಂಡಿನಲ್ಲಿ ಹೋಗುತ್ತದೆ. ಪಿಪಿಪಿಒಇ ಮೇಲೆ ನಡೆಯುವ ಬ್ರಾಡ್‌ಬ್ಯಾಂಡ್‌ನಲ್ಲಿ ಎಂಟಿಯು 1492, ಡೇಟಾ 1464. ಅದಕ್ಕಿಂತ ದೊಡ್ಡದಾದರೆ ಐಪಿ ಪದರವೇ ಅದನ್ನು ತುಂಡರಿಸುತ್ತದೆ. 4000 ಬೈಟ್ ಕಳಿಸಿದರೆ ಯುಡಿಪಿ ಹೆಡರ್ ಸೇರಿ 4008, ತುಂಡಿಗೆ 1480ರಂತೆ 3 ತುಂಡು. ಮೂರರಲ್ಲಿ ಒಂದು ದಾರಿಯಲ್ಲಿ ಬಿದ್ದರೆ ಉಳಿದೆರಡೂ ದಂಡ. ತುಂಡಿಗೆ ನೂರಕ್ಕೆ 1 ನಷ್ಟ ಅಂತ ಹಿಡಿದರೆ ಡೇಟಾಗ್ರಾಮಿಗೆ ಹತ್ತಿರಹತ್ತಿರ 3. ಮೇಲಾಗಿ ತುಂಡು ಪ್ಯಾಕೆಟ್ ಕಂಡರೆ ಬಿಸಾಕುವ ಫೈರ್‌ವಾಲ್‌ಗಳಿವೆ. ಆದ್ದರಿಂದ ಕಳಿಸುವ ಕಡೆ 1200 ಬೈಟಿನ ಒಳಗೆ ಇರುವುದು ಕ್ಷೇಮ. ಐಪಿವಿ6 ಹಾದುಹೋಗುವ ಪ್ರತಿ ದಾರಿಗೂ ಕನಿಷ್ಠ 1280ರ ಎಂಟಿಯು ಇರಲೇಬೇಕು, ಅದರಲ್ಲಿ ಐಪಿವಿ6 ಹೆಡರಿನ 40 ಮತ್ತು ಯುಡಿಪಿ ಹೆಡರಿನ 8 ಹೋದರೆ 1232. ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಮಂದಿ 2020ರಲ್ಲಿ ಯುಡಿಪಿ ಉತ್ತರಕ್ಕೆ 1232 ಅನ್ನುವ ಮಿತಿಯನ್ನು ಶಿಫಾರಸು ಮಾಡಿದ್ದು ಈ ಲೆಕ್ಕದಿಂದಲೇ.

ಲ್ಯಾಪ್‌ಟಾಪ್ ಒಳಗೇ ಪರೀಕ್ಷೆ ಮಾಡಿದರೆ ಇದ್ಯಾವುದೂ ಕಾಣುವುದಿಲ್ಲ. ಲಿನಕ್ಸಿನ ಲೂಪ್‌ಬ್ಯಾಕ್‌ಗೆ ಎಂಟಿಯು 65,536. ಅಲ್ಲಿ 20,000 ಬೈಟೂ ಒಂದೇ ತುಂಡಿನಲ್ಲಿ ಹೋಗುತ್ತದೆ. ಲ್ಯಾಬಿನಲ್ಲಿ ಓಡಿದ ಕೋಡ್ ನವಲಗುಂದದ ಮೊಬೈಲ್ ಸಿಗ್ನಲ್ ಮೇಲೆ ಓಡದಿರುವುದಕ್ಕೆ ಇದೂ ಒಂದು ಕಾರಣ. ಮ್ಯಾಕ್ ಇರುವವರಿಗೆ ಬೇರೆ ಆಟ: ಅಲ್ಲಿ ಕಳಿಸುವ ಡೇಟಾಗ್ರಾಮಿಗೆ ಡೀಫಾಲ್ಟ್ ಮಿತಿಯೇ 9216 ಬೈಟ್.

ಕನ್ನಡ ಅಕ್ಷರ, ಬೈಟಿನ ಲೆಕ್ಕ

ಮೇಲೆ 184 ಅಂದೆನಲ್ಲ, ಅದರಲ್ಲಿ ಹೆಸರಿಗೆ ಇಟ್ಟದ್ದು 160 ಬೈಟ್. ಒಂದು ನಿಲ್ದಾಣದ ಹೆಸರಿಗೆ 160 ಯಾಕೆ ಅನ್ನುವವರು ಇದನ್ನು ಓದಬೇಕು.

ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಸಂಕೇತ ಅಂದರೆ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. ಗುಣಿತದ ಚಿಹ್ನೆ ಬೇರೆ ಸಂಕೇತ, ಒತ್ತಕ್ಷರದ ನಡುವೆ ಬರುವ ವಿರಾಮ (ಹಲಂತ) ಚಿಹ್ನೆ ಬೇರೆ ಸಂಕೇತ. "ಗದಗ" ಮೂರು ಸಂಕೇತ, 9 ಬೈಟ್. "ಹುಬ್ಬಳ್ಳಿ" ಕಣ್ಣಿಗೆ ಮೂರೇ ಅಕ್ಷರ, ಆದರೆ 9 ಸಂಕೇತ, 27 ಬೈಟ್. "ಹುಬ್ಬಳ್ಳಿ ರೈಲ್ವೆ ನಿಲ್ದಾಣ" ಅಂದರೆ ಎರಡು ಖಾಲಿ ಜಾಗ ಸೇರಿ 68 ಬೈಟ್. ನಮ್ಮ ನಿಲ್ದಾಣದ ಪ್ಲಾಟ್‌ಫಾರಮ್ಮಿನಂತೆ ಅದರ ಪೂರ್ತಿ ಹೆಸರೂ ಉದ್ದ: "ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ ಹುಬ್ಬಳ್ಳಿ" ಬರೆದರೆ 41 ಸಂಕೇತ, 5 ಖಾಲಿ ಜಾಗ, ಒಟ್ಟು 128 ಬೈಟ್. ಇಂಗ್ಲಿಷ್ ಹೆಸರು ನೋಡಿ "64 ಸಾಕು" ಅಂದವರ ಬೋರ್ಡಿನಲ್ಲಿ ಈ ಹೆಸರು ಸ್ವಾಮೀಜಿ ಹತ್ತಿರವೇ ಕತ್ತರಿಸಿ ಹೋಗುತ್ತದೆ. 64ನೆಯ ಬೈಟಿಗೆ ಕತ್ತರಿಸಿದ್ದು ಸಂಕೇತದ ನಡುವೆ ಬಿದ್ದರೆ ಕೊನೆಯಲ್ಲಿ ಪ್ರಶ್ನೆಚಿಹ್ನೆಯ ಡಬ್ಬಿ ಬೇರೆ, ಅಥವಾ ಪೈಥಾನ್ ಡಿಕೋಡ್ ಎರರ್ ಎಸೆದು ಇಡೀ ಥ್ರೆಡ್ ನಿಲ್ಲುತ್ತದೆ.

128 ಅಳೆದು 128 ಇಟ್ಟರೂ ಆಗದು. ದೀರ್ಘದ ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಬಿಡಿಸಿಯೂ ಬರೆಯಬಹುದು. "ಹಾವೇರಿ" ಜೋಡಿಸಿದ ರೂಪದಲ್ಲಿ 18 ಬೈಟ್, ಬಿಡಿಸಿದ ರೂಪದಲ್ಲಿ 21. ಮೇಲಿನ ಉದ್ದ ಹೆಸರಿನಲ್ಲಿ ಶ್ರೀ, ಮೀ, ರೈ ಮೂರೂ ಹೀಗೆ ಒಡೆಯುತ್ತವೆ, 128 ಹೋಗಿ 137 ಆಗುತ್ತದೆ. ಸ್ವೀಕರಿಸುವ ಕಡೆ ಎನ್‌ಎಫ್‌ಸಿ ಅನ್ನುವ ಜೋಡಿಸಿದ ರೂಪಕ್ಕೆ ತಂದುಕೊಳ್ಳಬಹುದು, ಆದರೆ ಅದು ಬಫರಿಗೆ ಬಂದ ಮೇಲಿನ ಮಾತು. ಬಫರ್ ಬಿಡಿಸಿದ ರೂಪಕ್ಕೂ ಸಾಕಾಗಬೇಕು. ಇನ್ನು ಹೆಸರನ್ನು ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಮಾಡಿ ಕಳಿಸಿದಿರೋ, ಪೈಥಾನಿನ ಮಾಡ್ಯೂಲ್ ತಾನಾಗಿ ಪ್ರತಿ ಕನ್ನಡ ಸಂಕೇತವನ್ನು 6 ಆಸ್ಕಿ ಚಿಹ್ನೆ ಮಾಡುತ್ತದೆ. ಅದೇ ಹೆಸರು ಈಗ 251 ಬೈಟ್, ಉದ್ಧರಣ ಚಿಹ್ನೆ ಎರಡು ಬೇರೆ. ಹಾಗೆ ಮಾಡುವ ಆಯ್ಕೆಯನ್ನು ಆಫ್ ಮಾಡಿ ಯುಟಿಎಫ್-8 ಆಗಿಯೇ ಕಳಿಸುವುದು ಜಾಣತನ.

ಟಿಸಿಪಿ: ಗೆರೆ ಎಳೆಯುವವರು ನೀವೇ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಂಥ ಜಾಗದಲ್ಲಿ ತೂಕದ ಯಂತ್ರದಿಂದ ಸರ್ವರಿಗೆ ತೂಕದ ಚೀಟಿ ಹೋಗಬೇಕು ಅಂದುಕೊಳ್ಳಿ. ಬಸ್ಸಿನ ಒಂದು ಪ್ಯಾಕೆಟ್ ಕಳೆದರೆ ಮುಂದಿನ ಸೆಕೆಂಡಿಗೆ ಇನ್ನೊಂದು ಬರುತ್ತದೆ. ತೂಕದ ಚೀಟಿ ಕಳೆಯುವಂತಿಲ್ಲ. ಆದ್ದರಿಂದ ಟಿಸಿಪಿ. ಮತ್ತು ಇಲ್ಲಿ ಬಫರಿನ ಪ್ರಶ್ನೆಯೇ ಬೇರೆ.

ಟಿಸಿಪಿ ಕೊಡುವುದು ಬೈಟಿನ ಹರಿವು. ಮಲಪ್ರಭಾ ಕಾಲುವೆಯಲ್ಲಿ ನಿನ್ನೆ ಬಿಟ್ಟ ನೀರು, ಇವತ್ತು ಬಿಟ್ಟ ನೀರು ಅಂತ ಗೆರೆ ಇರುವುದಿಲ್ಲವಲ್ಲ, ಹಾಗೆ ಇದರಲ್ಲೂ ಇಲ್ಲ. ನೀವು 300 ಬೈಟಿನ ಎರಡು ಚೀಟಿ ಕಳಿಸಿದರೆ ಆ ಕಡೆ ಒಂದೇ ರಿಸೀವ್‌ನಲ್ಲಿ 600 ಬರಬಹುದು, 300-300 ಬರಬಹುದು, 1 ಮತ್ತು 599 ಬರಬಹುದು. ಬಫರ್ ದೊಡ್ಡದು ಮಾಡುವುದರಿಂದ ಇದು ಸರಿಹೋಗುವುದಿಲ್ಲ. ಸರಿಹೋದಂತೆ ಕಂಡರೆ ಅದು ಲ್ಯಾನ್ ವೇಗದ ಕೃಪೆ. 1460 ಬೈಟಿನ ಒಂದು ಸೆಗ್ಮೆಂಟಿನಲ್ಲಿ (ಟಿಸಿಪಿ ಒಮ್ಮೆಗೆ ಸಾಗಿಸುವ ತುಂಡು) ಚೀಟಿ ಪೂರ್ತಿ ಹಿಡಿಸಿ, ನೀವು ತಕ್ಷಣ ಓದಿಬಿಟ್ಟರೆ ಪ್ರತಿ ಸಲ "ಸರಿಯಾಗಿ" ಬರುತ್ತದೆ. ಸೀಸನ್ನಿನ ಗದ್ದಲದಲ್ಲಿ ಸರ್ವರ್ ಸ್ವಲ್ಪ ತಡವಾದ ದಿನ ಎರಡು ಚೀಟಿ ಅಂಟಿಕೊಂಡು ಬರುತ್ತವೆ, ಎರಡನೆಯ ರೈತನ ತೂಕ ಕಾಣೆ.

ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು 4 ಬೈಟಿನಲ್ಲಿ, ನೆಟ್‌ವರ್ಕ್ ಕ್ರಮದಲ್ಲಿ (ದೊಡ್ಡ ಬೆಲೆಯ ಬೈಟ್ ಮೊದಲು) ಇಡುವುದು ಗಟ್ಟಿ ದಾರಿ. ಓದುವ ಕಡೆ ಪ್ರತಿ ಸಂಪರ್ಕಕ್ಕೆ ಒಂದು ಬಫರ್, ಅದರಲ್ಲಿ ಎಷ್ಟು ತುಂಬಿದೆ ಅನ್ನುವ ಎಣಿಕೆ. ರಿಸೀವ್ ಮಾಡುವಾಗ ಬಫರಿನ ಆರಂಭಕ್ಕಲ್ಲ, ತುಂಬಿದ್ದರ ತುದಿಗೆ ಓದಿಸಿ. ಓದಿಸುವ ಅಳತೆ, ಉಳಿದ ಖಾಲಿ ಜಾಗದಷ್ಟು. ಬಂದ ಮೇಲೆ ಒಂದು ಒಳಲೂಪ್: 4 ಬೈಟ್ ಇದೆಯೇ? ಇಲ್ಲವಾದರೆ ಮತ್ತೆ ಓದಲು ಹೋಗಿ (ಉದ್ದದ ಆ 4 ಬೈಟೇ 1 ಮತ್ತು 3 ಆಗಿ ಒಡೆದು ಬರಬಹುದು, ಇದನ್ನು ಮರೆಯುವವರು ಬಹಳ). ಇದ್ದರೆ ಉದ್ದ ತೆಗೆಯಿರಿ. ಉದ್ದ ನಿಮ್ಮ ಮಿತಿಗಿಂತ ದೊಡ್ಡದೇ? ಸಂಪರ್ಕ ಮುಚ್ಚಿ. ಸರಿಯಿದ್ದರೆ ಅಷ್ಟು ಬೈಟ್ ಬಂದಿದೆಯೇ ನೋಡಿ, ಬಂದಿದ್ದರೆ ಸಂದೇಶ ಕೊಟ್ಟು, ಉಳಿದದ್ದನ್ನು ಮೆಮ್‌ಮೂವ್‌ನಿಂದ ಬಫರಿನ ಆರಂಭಕ್ಕೆ ಎಳೆದು, ಲೂಪನ್ನು ಮತ್ತೆ ಮೊದಲಿನಿಂದ ನಡೆಸಿ. ಒಂದು ರಿಸೀವ್‌ನಲ್ಲಿ ಮೂರು ಸಂದೇಶ ಬಂದಿರಬಹುದು. ಒಂದನ್ನೇ ಕೊಟ್ಟು ಮತ್ತೆ ರಿಸೀವ್‌ಗೆ ಹೋದರೆ ಉಳಿದೆರಡು ಮುಂದಿನ ಡೇಟಾ ಬರುವ ತನಕ ಬಫರಿನಲ್ಲೇ ಕೊಳೆಯುತ್ತವೆ.

ಇಲ್ಲಿ ಬಫರಿನ ಕನಿಷ್ಠ ಅಳತೆ ತಾನಾಗಿ ಸಿಗುತ್ತದೆ: 4 ಮತ್ತು ಗರಿಷ್ಠ ಸಂದೇಶ. ಅದಕ್ಕಿಂತ ಒಂದು ಬೈಟ್ ಕಡಿಮೆಯಾದರೂ ದೊಡ್ಡ ಸಂದೇಶ ಬಂದ ದಿನ ಬಫರ್ ತುಂಬಿ, ಖಾಲಿ ಜಾಗ 0 ಆಗಿ, 0 ಅಳತೆಯ ರಿಸೀವ್ 0 ಹಿಂದಿರುಗಿಸಿ, ಸಂಪರ್ಕ ಮುಚ್ಚಿತು ಅಂತ ನಿಮ್ಮ ಕೋಡ್ ತಪ್ಪು ತಿಳಿಯುತ್ತದೆ. ಹುಡುಕಲು ಕಷ್ಟವಾದ ಬಗ್ ಇದು. ಲಾಗ್ ನೋಡಿದರೆ "ಆ ಕಡೆಯವರು ಬಿಟ್ಟುಹೋದರು" ಅಂತಲೇ ಇರುತ್ತದೆ.

ಉದ್ದವನ್ನು ಮಿತಿಯ ಜೊತೆ ಹೋಲಿಸದೆ ನೇರ ಮ್ಯಾಲಾಕ್‌ಗೆ ಕೊಡುವುದು ಬಾಗಿಲು ತೆರೆದಿಟ್ಟ ಹಾಗೆಯೇ. ಯಾರೋ ನಾಲ್ಕು ಬೈಟಿನಲ್ಲೂ 255 ತುಂಬಿ ಕಳಿಸಿದರೆ 4 ಜಿಬಿ ಕೇಳಿದಂತಾಯಿತು. ಉದ್ದವನ್ನು ಚಿಹ್ನೆಯಿರುವ ಪೂರ್ಣಾಂಕಕ್ಕೆ ತೆಗೆದುಕೊಂಡರೆ ಅದೇ ಸಂಖ್ಯೆ −1 ಆಗಿ "ಮಿತಿಗಿಂತ ಸಣ್ಣದು" ಅನ್ನುವ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ. ಉಲ್ಟಾ ತಪ್ಪೂ ಇದೆ: ರಿಸೀವ್ ಹಿಂದಿರುಗಿಸಿದ −1 ಅನ್ನು ಚಿಹ್ನೆಯಿಲ್ಲದ ಚರಕ್ಕೆ ಹಾಕಿಕೊಂಡು, ಬಹಳ ಡೇಟಾ ಬಂತು ಅಂತ ತಿಳಿಯುವುದು.

ಉದ್ದದ ಬದಲು ಸಾಲಿನ ಕೊನೆಗೆ ನ್ಯೂಲೈನ್ ಇಡುವ ಪ್ರೋಟೋಕಾಲ್ ಆದರೂ ಮಿತಿ ಬೇಕೇ ಬೇಕು, ಇಲ್ಲವಾದರೆ ನ್ಯೂಲೈನ್ ಕಳಿಸದೆ ತುಂಬಿಸುತ್ತ ಹೋಗುವವರಿಗೆ ತಡೆ ಇಲ್ಲ. ಅಪಾಚೆ ಸರ್ವರ್ ಒಂದು ವಿನಂತಿ ಸಾಲಿಗೆ 8190 ಬೈಟಿನ ಡೀಫಾಲ್ಟ್ ಮಿತಿ ಹಾಕಿರುವುದು ಇದಕ್ಕೇ. ಸಿ ಭಾಷೆಯಲ್ಲಿ ಬಂದದ್ದನ್ನು ಸ್ಟ್ರಿಂಗ್ ಅಂತ ಬಳಸುವವರು ಕೊನೆಗೆ ಸೊನ್ನೆ ಬೈಟ್ ಹಾಕುತ್ತಾರೆ. ಅರೇಯ ಪೂರ್ತಿ ಅಳತೆ ಕೊಟ್ಟು ಓದಿದ್ದರೆ, ಪೂರ್ತಿ ತುಂಬಿದ ದಿನ ಆ ಸೊನ್ನೆ ಅರೇಯ ಆಚೆ ಬೀಳುತ್ತದೆ. ಒಂದು ಕಡಿಮೆ ಓದಿಸಿ.

ಸಂದೇಶದ ಲೆಕ್ಕ ಮುಗಿದ ಮೇಲೆ ವೇಗದ ಲೆಕ್ಕ. ದೊಡ್ಡ ಫೈಲ್ ಸಾಗಿಸುವಾಗ 1 ಕೆಬಿ ಬದಲು 16 ಕೆಬಿ ಓದಿದರೆ ಸಿಸ್ಟಮ್ ಕಾಲ್ ಕಡಿಮೆಯಾಗಿ ಲಾಭ ಕಾಣುತ್ತದೆ. 64 ಕೆಬಿ ದಾಟಿದ ಮೇಲೆ ಲಾಭ ತೀರ ತೆಳು. ಟಿಎಲ್‌ಎಸ್ (ಡೇಟಾವನ್ನು ಗೂಢಲಿಪಿ ಮಾಡುವ ಪದರ) ಇದ್ದರೆ ಒಂದು ರೆಕಾರ್ಡಿನ ಗರಿಷ್ಠ ಡೇಟಾ 16,384 ಬೈಟ್, ಹಾಗಾಗಿ 16 ಕೆಬಿ ಸಹಜ ಅಳತೆ. ಆದರೆ 10,000 ಸಂಪರ್ಕ, ತಲಾ 64 ಕೆಬಿ ಅಂದರೆ 65 ಕೋಟಿ ಬೈಟ್, ಸುಮ್ಮನೆ ಕುಳಿತ ಸಂಪರ್ಕಕ್ಕೂ. ಅಂಥಲ್ಲಿ ಓದಲು ಒಂದೇ ದೊಡ್ಡ ಬಫರ್ ಹಂಚಿಕೊಂಡು, ಅರ್ಧ ಉಳಿದ ಸಂದೇಶ ಇದ್ದವರಿಗೆ ಮಾತ್ರ ಸ್ವಂತ ಬಫರ್ ಕೊಡಿ.

ಕರ್ನಲ್ ಕ್ಯೂ: ಮಿಲಿಸೆಕೆಂಡಿನ ಲೆಕ್ಕ

ಈಗ ಬಸ್ಸಿಗೆ ವಾಪಸ್. 100 ಬಸ್ಸು, ಸೆಕೆಂಡಿಗೆ 100 ಪ್ಯಾಕೆಟ್. ಇದಕ್ಕೆ ಯಾವ ಸರ್ವರ್ ಬೆವರುತ್ತದೆ ಅನಿಸಬಹುದು. ಆದರೂ ಪ್ಯಾಕೆಟ್ ಕಳೆಯಬಹುದು, ಕಾರಣ ಜಿಪಿಎಸ್. ಎಲ್ಲ ಸಾಧನಗಳ ಗಡಿಯಾರವೂ ಜಿಪಿಎಸ್‌ನಿಂದ ಸರಿಹೋಗಿರುತ್ತದೆ, ಎಲ್ಲವೂ ಸೆಕೆಂಡಿನ ಆರಂಭಕ್ಕೇ ಕಳಿಸುತ್ತವೆ. 100 ಪ್ಯಾಕೆಟ್ ಸೆಕೆಂಡಿನ ಉದ್ದಕ್ಕೂ ಹರಡಿಕೊಂಡು ಬರದೆ ಕೆಲವೇ ಮಿಲಿಸೆಕೆಂಡಿನಲ್ಲಿ ಗುಂಪಾಗಿ ನುಗ್ಗುತ್ತವೆ. ಅದೇ ಗಳಿಗೆಗೆ ನಿಮ್ಮ ಪ್ರೋಗ್ರಾಂ ಡೇಟಾಬೇಸಿಗೆ ಕಮಿಟ್ ಮಾಡುತ್ತ ಕೂತಿದ್ದರೆ ಎಲ್ಲವೂ ಕ್ಯೂನಲ್ಲಿ ನಿಲ್ಲಬೇಕು.

ಲಿನಕ್ಸಿನ ಬಹಳಷ್ಟು ಯಂತ್ರಗಳಲ್ಲಿ ಯುಡಿಪಿ ಸಾಕೆಟ್ಟಿನ ಡೀಫಾಲ್ಟ್ ಸ್ವೀಕಾರ ಬಫರ್ 212,992 ಬೈಟ್. 100 ಪ್ಯಾಕೆಟ್ಟಿಗೆ ತಲಾ 184, ಒಟ್ಟು 18,400, ಹತ್ತು ಪಟ್ಟು ಜಾಗ ಇದೆ ಅಂತ ಲೆಕ್ಕ ಹಾಕಿದಿರಾ? ಕರ್ನಲ್ ಹಾಗೆ ಎಣಿಸುವುದಿಲ್ಲ. ನಿಮ್ಮ ಡೇಟಾದ ಜೊತೆಗೆ ಆ ಪ್ಯಾಕೆಟ್ಟಿಗೆ ಹಿಡಿದ ಪೂರ್ತಿ ಮೆಮೊರಿಯನ್ನು, ಅದರ ನಿರ್ವಹಣೆಯ ರಚನೆಯನ್ನೂ ಸೇರಿಸಿ ಎಣಿಸುತ್ತದೆ. ಲೂಪ್‌ಬ್ಯಾಕ್‌ನಲ್ಲಿ ಸಣ್ಣ ಪ್ಯಾಕೆಟ್ಟಿಗೆ 768 ಬೈಟಿನ ಖರ್ಚು ಸಾಮಾನ್ಯ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಪ್ರತಿ ಪ್ಯಾಕೆಟ್ಟಿಗೆ 2 ಕೆಬಿ ತುಂಡು ಕೊಡುವಂಥದಾದರೆ 2304. ಹಾಗೆ ಎಣಿಸಿದರೆ 212,992ರಲ್ಲಿ ಹಿಡಿಸುವುದು ಸುಮಾರು 92 ಪ್ಯಾಕೆಟ್. ಬಸ್ಸು 100!

ಇದಕ್ಕೆ ಬಫರ್ ಹೆಚ್ಚಿಸುವ ಮುಂಚೆ ಮಾಡಬೇಕಾದ್ದು ಸಾಧನದ ಕಡೆ: ಪ್ರತಿ ಬಸ್ಸು 0ರಿಂದ 999 ಮಿಲಿಸೆಕೆಂಡಿನ ನಡುವೆ ತನ್ನದೊಂದು ಯಾದೃಚ್ಛಿಕ ತಡ ಇಟ್ಟುಕೊಳ್ಳಲಿ. ಒಂದು ಸಾಲಿನ ಬದಲಾವಣೆ. ನಂತರ ಸರ್ವರಿನಲ್ಲಿ ಓದುವ ಥ್ರೆಡ್ಡನ್ನು ಡೇಟಾಬೇಸಿನಿಂದ ಬೇರೆ ಮಾಡಿ.

ಬಫರ್ ನಿಜಕ್ಕೂ ಹೆಚ್ಚಿಸಬೇಕಾದ ಜಾಗ ಬೇರೆ. ಕಪ್ಪತಗುಡ್ಡದ ಸುತ್ತ ನಿಂತಿವೆಯಲ್ಲ ಗಾಳಿಯಂತ್ರಗಳು, ಅಂಥವಕ್ಕೆ ಕಂಪನದ ಸೆನ್ಸರ್ ಹಾಕಿ 20 ಸೆನ್ಸರಿನಿಂದ ತಲಾ 100ರಂತೆ ಸೆಕೆಂಡಿಗೆ 2000 ಪ್ಯಾಕೆಟ್ ಬರುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಪ್ರೋಗ್ರಾಂ ಹೆಚ್ಚೆಂದರೆ 200 ಮಿಲಿಸೆಕೆಂಡ್ ತಡೆಯುತ್ತದೆ ಅಂತ ಅಳೆದಿದ್ದೀರಿ. 2000 ಗುಣಿಸು 0.2, ಅಂದರೆ 400 ಪ್ಯಾಕೆಟ್. ತಲಾ 2304 ಅಂದರೆ 921,600 ಬೈಟ್. ಡೀಫಾಲ್ಟಿನಲ್ಲಿ ಇದು 46 ಮಿಲಿಸೆಕೆಂಡಿಗೇ ತುಂಬುತ್ತದೆ. ಒಂದಕ್ಕೆ ಎರಡರಷ್ಟು ಇಟ್ಟು 2 ಎಂಬಿ ಬೇಕು ಅಂತ ತೀರ್ಮಾನಿಸಿ.

ಅದನ್ನು ಕೇಳುವುದು ಎಸ್‌ಒ ಆರ್‌ಸಿವಿಬಫ್ ಆಯ್ಕೆಯಿಂದ, ಮತ್ತು ಇಲ್ಲಿ ಲಿನಕ್ಸಿನ ಎರಡು ವಿಚಿತ್ರ. ನೀವು ಕೇಳಿದ್ದನ್ನು ಅದು ಎರಡರಿಂದ ಗುಣಿಸಿ ಇಟ್ಟುಕೊಳ್ಳುತ್ತದೆ, ತನ್ನ ನಿರ್ವಹಣೆಯ ಖರ್ಚಿಗೆ ಅಂತ. ಹಾಗಾಗಿ 2 ಎಂಬಿ ಬೇಕಾದರೆ 1 ಎಂಬಿ ಕೇಳಿದರೆ ಸಾಕು. ಎರಡನೆಯದು, ಗುಣಿಸುವ ಮುಂಚೆ ನೆಟ್ ಕೋರ್ ವಿಭಾಗದ ಆರ್‌ಮೆಮ್ ಮ್ಯಾಕ್ಸ್ ಮಿತಿಗೆ ಅದನ್ನು ಕತ್ತರಿಸುತ್ತದೆ, ಮತ್ತು ಎರರ್ ಕೊಡುವುದಿಲ್ಲ. ಆ ಮಿತಿಯೂ 212,992 ಇದ್ದ ಯಂತ್ರದಲ್ಲಿ 1 ಎಂಬಿ ಕೇಳಿದರೆ ಸಿಗುವುದು 425,984. ಸೆಟ್ ಮಾಡಿದ ಕೂಡಲೇ ಗೆಟ್‌ಸಾಕ್‌ಆಪ್ಟ್‌ನಿಂದ ಓದಿ ಲಾಗಿಗೆ ಬರೆಯಿರಿ. ಕಡಿಮೆ ಕಂಡರೆ ಸಿಸ್‌ಕಂಟ್ರೋಲ್ (sysctl) ಆದೇಶದಿಂದ ಮಿತಿ ಏರಿಸಿ, ಯಂತ್ರ ರೀಬೂಟ್ ಆದ ಮೇಲೂ ಉಳಿಯುವಂತೆ ಅದರ ಫೈಲಿನಲ್ಲೂ ಬರೆಯಿರಿ. ಹೆಸ್ಕಾಂ ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಪ್ಯಾಕೆಟ್ ಕಳೆಯುವ ಸರ್ವರ್‌ಗಳ ರಹಸ್ಯ ಸಾಮಾನ್ಯವಾಗಿ ಈ ಫೈಲ್.

ಕ್ಯೂ ತುಂಬಿ ಎಸೆದ ಪ್ಯಾಕೆಟ್ಟಿನ ಎಣಿಕೆ ಕರ್ನಲ್ ಇಟ್ಟಿರುತ್ತದೆ. ನೆಟ್‌ಸ್ಟ್ಯಾಟ್‌ನ ಯುಡಿಪಿ ಅಂಕಿಅಂಶದಲ್ಲಿ "ರಿಸೀವ್ ಬಫರ್ ಎರರ್ಸ್" ಅನ್ನುವ ಸಾಲು ಇಡೀ ಯಂತ್ರದ ಲೆಕ್ಕ. ಒಂದೊಂದು ಸಾಕೆಟ್ಟಿನದು ಬೇಕಾದರೆ ಪ್ರಾಕ್ ಒಳಗಿನ ನೆಟ್ ಫೋಲ್ಡರಿನ ಯುಡಿಪಿ ಫೈಲ್, ಕೊನೆಯ ಕಾಲಂ. ಈ ಸಂಖ್ಯೆ ಏರುತ್ತಿಲ್ಲ, ಆದರೂ ಪ್ಯಾಕೆಟ್ ಇಲ್ಲ ಅಂದರೆ ನಿಮ್ಮ ಬಫರ್ ನಿರಪರಾಧಿ. ಕಾರ್ಡಿನ ರಿಂಗ್, ದಾರಿಯ ರೂಟರ್, ಫೈರ್‌ವಾಲ್ ಕಡೆ ನೋಡಿ.

ಕ್ಯೂ ದೊಡ್ಡದಿದ್ದಷ್ಟು ಒಳ್ಳೆಯದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಓದುವ ವೇಗ ಬರುವ ವೇಗಕ್ಕಿಂತ ಸದಾ ಕಡಿಮೆಯಿದ್ದರೆ ಯಾವ ಬಫರೂ ಸಾಲದು, ತುಂಬುವುದು ಸ್ವಲ್ಪ ತಡವಾಗುತ್ತದೆ ಅಷ್ಟೆ. ಅಷ್ಟರಲ್ಲಿ ಸಿಗುವ ಪ್ರತಿ ಪ್ಯಾಕೆಟ್ಟೂ ಹಳೆಯದಾಗಿರುತ್ತದೆ. ಬಸ್ಸು ಉಣಕಲ್ ದಾಟಿ ನವನಗರಕ್ಕೆ ಬಂದಿದ್ದರೂ ಬೋರ್ಡಿನಲ್ಲಿ ಉಣಕಲ್ ತೋರಿಸುವುದಕ್ಕಿಂತ ಎರಡು ಪ್ಯಾಕೆಟ್ ಕಳೆದು ಹೊಸದು ತೋರಿಸುವುದು ಮೇಲು. ಧ್ವನಿಯ ಕರೆಯಲ್ಲೂ ಹಾಗೇ: 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಇರುವಾಗ ಕ್ಯೂನಲ್ಲಿ 50 ನಿಂತರೆ ಮಾತು ಒಂದು ಸೆಕೆಂಡ್ ಹಿಂದೆ.

ಟಿಸಿಪಿಯಲ್ಲಿ ಎಸ್‌ಒ ಆರ್‌ಸಿವಿಬಫ್ ಮುಟ್ಟಬೇಡಿ, ಇಷ್ಟೇ ನನ್ನ ಸಲಹೆ. ಲಿನಕ್ಸ್ ತಾನೇ ಅದನ್ನು ಅಗತ್ಯಕ್ಕೆ ತಕ್ಕಂತೆ ಬೆಳೆಸುತ್ತದೆ, ಹಲವು ಯಂತ್ರಗಳಲ್ಲಿ ಮೇಲ್ಮಿತಿ 6 ಎಂಬಿ. ನೀವು ಕೈಯಿಂದ ಇಟ್ಟ ಕೂಡಲೇ ಆ ಬೆಳವಣಿಗೆ ನಿಲ್ಲುತ್ತದೆ. ಧಾರವಾಡದಿಂದ ಮುಂಬೈನ ಸರ್ವರಿಗೆ ಹೋಗಿಬರಲು 30 ಮಿಲಿಸೆಕೆಂಡ್, ಲೈನ್ 100 ಮೆಗಾಬಿಟ್ ಅಂತ ಹಿಡಿದರೆ ದಾರಿ ತುಂಬಲು ಬೇಕಾದ್ದು 375,000 ಬೈಟ್. ಕಿಟಕಿ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಡೇಟಾ) 64 ಕೆಬಿಗೆ ಕಟ್ಟಿಹಾಕಿದರೆ 30 ಮಿಲಿಸೆಕೆಂಡಿಗೆ 64 ಕೆಬಿ ಮಾತ್ರ, ಅಂದರೆ 17 ಮೆಗಾಬಿಟ್ ಚಿಲ್ಲರೆ. 100ಕ್ಕೆ ದುಡ್ಡು ಕಟ್ಟಿ 17 ಬಳಸಿದಂತೆ.

ಸಣ್ಣ ಸಾಧನಗಳಲ್ಲಿ ಇದೇ ಲೆಕ್ಕ ಇಕ್ಕಟ್ಟಾಗುತ್ತದೆ. ಇಎಸ್‌ಪಿ32 ಅನ್ನುವ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಟ್ಟು ಎಸ್‌ರ‍್ಯಾಮ್ 520 ಕೆಬಿ, ಟಾಸ್ಕಿನ ಸ್ಟ್ಯಾಕ್ ಹಲವು ಸಲ 4 ಕೆಬಿ. ಅದರೊಳಗೆ 4096ರ ಸ್ಥಳೀಯ ಅರೇ ಬರೆದರೆ ಮೊದಲ ಕರೆಗೇ ರೀಸೆಟ್. ಅರೇಯನ್ನು ಸ್ಟ್ಯಾಟಿಕ್ ಮಾಡಿ, 1200ರ ಒಳಗಿನ ಪ್ರೋಟೋಕಾಲ್ ಇಡಿ. ಅಲ್ಲಿನ ಯುಡಿಪಿ ಕ್ಯೂ ಬೈಟಿನಲ್ಲಲ್ಲ, ಎಣಿಕೆಯಲ್ಲಿ: ಡೀಫಾಲ್ಟ್ ಆಗಿ ಒಂದು ಸಾಕೆಟ್ಟಿಗೆ 6 ಪ್ಯಾಕೆಟ್. ಏಳನೆಯದು ಬಂದಾಗ ನೀವು ಫ್ಲ್ಯಾಶಿಗೆ ಬರೆಯುತ್ತಿದ್ದರೆ ಅದು ಹೋಯಿತು.

ಪರೀಕ್ಷೆಯನ್ನು ಎರಡು ಬೇರೆ ಯಂತ್ರಗಳ ನಡುವೆ ಮಾಡಿ. ಯುಡಿಪಿಗೆ 0, 1, ನಿಮ್ಮ ಗರಿಷ್ಠ, ಅದಕ್ಕಿಂತ ಒಂದು ಹೆಚ್ಚು, 1472, 1473, 65,507 ಕಳಿಸಿ ನೋಡಿ. 1473ಕ್ಕೆ ಟಿಸಿಪಿಡಂಪ್‌ನಲ್ಲಿ (ಹಾದುಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಎರಡು ತುಂಡು ಕಾಣಬೇಕು. 65,508 ಕೊಟ್ಟರೆ ಕಳಿಸುವ ಕರೆಯೇ ಸಂದೇಶ ದೊಡ್ಡದಾಯಿತು ಅನ್ನುವ ಎರರ್ ಕೊಡಬೇಕು. ಟಿಸಿಪಿಗೆ ಒಂದು ಸಣ್ಣ ಕ್ಲೈಂಟ್ ಬರೆಯಿರಿ: ಮೊದಲ ಸಲ ಚೀಟಿಯನ್ನು ಬೈಟ್ ಬೈಟಾಗಿ, ನಡುನಡುವೆ 10 ಮಿಲಿಸೆಕೆಂಡ್ ನಿಂತು, ನೇಗಲ್ (ಸಣ್ಣ ತುಂಡುಗಳನ್ನು ಕೂಡಿಸಿ ಕಳಿಸುವ ಟಿಸಿಪಿಯ ಪದ್ಧತಿ) ತಡೆಯುವ ಟಿಸಿಪಿ ನೋಡಿಲೇ ಆಯ್ಕೆ ಹಾಕಿ ಕಳಿಸಲಿ, ಎರಡನೆಯ ಸಲ ಐದು ಚೀಟಿ ಒಂದೇ ಸೆಂಡ್‌ನಲ್ಲಿ, ಮೂರನೆಯ ಸಲ ಉದ್ದದ 2 ಬೈಟ್ ಕಳಿಸಿ ಸಂಪರ್ಕ ಮುಚ್ಚಲಿ. ಮೊದಲೆರಡರಲ್ಲಿ ಚೀಟಿಯ ಎಣಿಕೆ ಸರಿ ಬರಬೇಕು. ಮೂರನೆಯದರಲ್ಲಿ ಸರ್ವರ್ ಅದನ್ನು "ಅರ್ಧ ಸಂದೇಶ" ಅಂತ ಬರೆದುಕೊಂಡು ಬೇರೆ ಸಂಪರ್ಕಗಳನ್ನು ನೋಡುತ್ತ ಓಡುತ್ತಿರಬೇಕು.